ಒಬ್ಬರಿಗೆ ಮಾತ್ರ ಜಾಗವಿದ್ದ ಯಂತ್ರ

ಭಾನುವಾರ ಬೆಳಿಗ್ಗೆ ಬಟ್ಟಲುಗಳನ್ನು ತೊಳೆದಿಟ್ಟ ಮೇಲೆ ಅಮ್ಮ ಅಣ್ಣನ ವಿಡಿಯೋ ಗೇಮ್ ಯಂತ್ರವನ್ನು ಹಚ್ಚುತ್ತಾಳೆ. ಹಳೆಯ ದಪ್ಪ ಟೀವಿ ಬೆಚ್ಚಗಾಗುವವರೆಗೆ ಕೈ ಒರೆಸಿಕೊಳ್ಳುತ್ತಾ ನಿಂತಿರುತ್ತಾಳೆ. ನೀಲಿ ಪರದೆಯ ಮೇಲೆ, ಆಟ ಉಳಿಸಿಟ್ಟವರ ಹೆಸರುಗಳಿಗೆಂದು ಮಾಡಿದ ಪಟ್ಟಿಯಲ್ಲಿ ಒಂದೇ ಹೆಸರಿದೆ: ಟೆಪ್ಪೇ. ಅದನ್ನು ನೋಡಿ, ತಲೆ ಸ್ವಲ್ಪ ಬಾಗಿಸಿ, ಯಂತ್ರವನ್ನು ಆಫ್ ಮಾಡುತ್ತಾಳೆ. ಅಲ್ಲಿಂದ ಮುಂದಕ್ಕೆ ನಾವು ಯಾರೂ ಗುಂಡಿ ಒತ್ತಿದವರಲ್ಲ. ಏನಾದರೂ ಅಳಿಸಿಹೋದೀತು ಎಂಬ ಭಯ.

ಟೆಪ್ಪೇ ನನ್ನ ಅಣ್ಣ. ಹದಿನೇಳನೆಯ ವಯಸ್ಸಿನಲ್ಲಿ, ನಾವಿದ್ದ ಕೋಬೆಯ ಇಳಿಜಾರು ರಸ್ತೆಯಲ್ಲಿ, ಬೇಸಿಗೆ ರಜೆಯ ಒಂದು ಮಧ್ಯಾಹ್ನ ಸೈಕಲ್ಲಿನಿಂದ ಬಿದ್ದು ಸತ್ತ. ಆಗ ನನಗೆ ಹನ್ನೊಂದು.

ಅವನ ಯಂತ್ರ ಪಿಸಿ ಎಂಜಿನ್. ನನ್ನದು ಸೂಪರ್ ಫ್ಯಾಮಿಕಾಮ್. ಒಂದೇ ಕಾಲದ ಎರಡು ಯಂತ್ರಗಳು, ಒಂದೇ ಮನೆಯಲ್ಲಿ, ಒಂದೇ ಟೀವಿಯ ಮುಂದೆ. ತರಗತಿಯ ಮುಕ್ಕಾಲು ಪಾಲು ಹುಡುಗರು ನನ್ನ ಕಡೆಯವರು. ಮೆಗಾ ಡ್ರೈವ್ ಎಂಬ ಮೂರನೆಯ ಯಂತ್ರ ಇಟ್ಟುಕೊಂಡ ಒಬ್ಬನಿದ್ದ, ಅವನನ್ನು ಜಗಳಕ್ಕೂ ಸೇರಿಸಿಕೊಳ್ಳುತ್ತಿರಲಿಲ್ಲ. ಆದರೆ ಮನೆಯಲ್ಲಿ ಬಹುಮತಕ್ಕೆ ಬೆಲೆಯಿರಲಿಲ್ಲ.

"ನಿನ್ನ ಯಂತ್ರಕ್ಕೆ ಕಂಟ್ರೋಲರ್ ಸಿಕ್ಕಿಸೋಕೆ ಇರೋದೇ ಒಂದು ತೂತು" ಎನ್ನುತ್ತಿದ್ದೆ ನಾನು. "ಗೆಳೆಯರಿಲ್ದೇ ಇರೋರಿಗೆ ಅಂತಾನೇ ಮಾಡಿರೋದು."

"ನಿನ್ನದಕ್ಕೆ ಎರಡು ತೂತಿದೆ, ಬಾಯೇ ಇಲ್ಲ. ನನ್ನದರಲ್ಲಿ ಸಿಡಿಯಿಂದ ಜನ ನಿಜವಾಗಿ ಮಾತಾಡ್ತಾರೆ ಕಣೋ. ನಿನ್ನವರು ಮೀನಿನ ಥರ ಬಾಯಿ ಆಡಿಸ್ತಾರೆ ಅಷ್ಟೆ."

"ನನ್ನದರಲ್ಲಿ ಪರದೇಲಿ ನೆಲಾನೇ ತಿರುಗುತ್ತೆ!"

"ತಿರುಗಲಿ. ವಾಂತಿ ಮಾಡ್ಕೊಂಡ್ರೆ ನೀನೇ ಒರೆಸು."

ನನ್ನ ಕೊನೆಯ ಬಾಣ ಯಾವಾಗಲೂ ನೆನಪಿನ ವಿಷಯ. ನನ್ನ ಆಟದ ಕ್ಯಾಸೆಟ್ಟುಗಳ ಒಳಗೆ ಪುಟ್ಟ ಬ್ಯಾಟರಿ ಇರುತ್ತಿತ್ತು. ಆಟ ಎಲ್ಲಿಗೆ ನಿಂತಿತೋ ಅದನ್ನು ಕ್ಯಾಸೆಟ್ಟೇ ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತಿತ್ತು. ಅಣ್ಣನದರಲ್ಲಿ ಹಾಗಲ್ಲ. ಸಿಡಿಗೆ ಏನೂ ನೆನಪಿರುವುದಿಲ್ಲ, ಯಂತ್ರವೇ ನೆನಪಿಟ್ಟುಕೊಳ್ಳಬೇಕು. ಅದೂ ಆಗಾಗ ವಿದ್ಯುತ್ ಕುಡಿಸುತ್ತಿದ್ದರೆ ಮಾತ್ರ.

"ಒಂದು ತಿಂಗಳು ಬಿಟ್ರೆ ಅದಕ್ಕೆ ನಿನ್ನ ಹೆಸರೇ ಮರೆತುಹೋಗುತ್ತೆ."

"ಹಾಗಾದ್ರೆ ಒಂದು ತಿಂಗಳು ಬಿಡದೇ ಇದ್ರಾಯ್ತು."

ಅಮ್ಮ ಅಡುಗೆಮನೆಯಲ್ಲಿ ಮೂಲಂಗಿ ತುರಿಯುತ್ತಾ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅಣ್ಣ ಹೋದ ಮೇಲಿನ ಮೊದಲ ಭಾನುವಾರವೇ, ಯಾರಿಗೂ ಏನೂ ಹೇಳದೆ, ಯಂತ್ರದ ಮುಂದೆ ಕುಳಿತು ಸ್ವಿಚ್ಚು ಸರಿಸಿದಳು.

ಮುಂದಿನ ವರ್ಷ ಕಳೆದು ಜನವರಿಯಲ್ಲಿ ಭೂಕಂಪವಾಯಿತು. ನಮ್ಮ ಮನೆಯ ಕೆಳಗಿನ ಅಂತಸ್ತು ಮಂಡಿಯೂರಿತು. ಅಪ್ಪ ಅಮ್ಮ ಶಾಲೆಯ ವ್ಯಾಯಾಮದ ಹಾಲಿನಲ್ಲಿ ಕಂಬಳಿ ಹಾಸಿಕೊಂಡರು. ನನ್ನನ್ನು ಒಕಾಯಾಮಾದ ಚಿಕ್ಕಮ್ಮನ ಮನೆಗೆ ಕಳಿಸಿದರು. ಚೆರ್ರಿ ಹೂವು ಉದುರಿದ ಮೇಲೆ ಅವರಿಗೆ ತಾತ್ಕಾಲಿಕ ಮನೆ ಸಿಕ್ಕಿತು, ನಾನು ವಾಪಸ್ ಬಂದೆ. ಬಾಗಿಲು ದಾಟಿದವನಿಗೆ ಅಮ್ಮ ಮೊದಲು ತೋರಿಸಿದ್ದು ಟೀವಿ. ನೀಲಿ ಪರದೆ, ಅದರಲ್ಲಿ ಹೆಸರು.

"ಇದ್ದಾನೆ ನೋಡು" ಎಂದಳು.

ನಾನು ಅಂದು ಅತ್ತೆ. ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಕಾಲೇಜಿಗೆ ಹೋದಾಗ ಲೆಕ್ಕ ಹಾಕಿ ನೋಡಿದೆ, ಅದು ಸಾಧ್ಯವಿರಲಿಲ್ಲ. ಮುರಿದ ಮನೆಯಲ್ಲಿ ಅಷ್ಟು ಕಾಲ ವಿದ್ಯುತ್ತಿಲ್ಲದೆ ಬಿದ್ದಿದ್ದ ಯಂತ್ರ ಅಣ್ಣನನ್ನು ಯಾವಾಗಲೋ ಮರೆತಿರಬೇಕು. ನಾನು ಬಾಯಿ ಬಿಡಲಿಲ್ಲ. ಅಮ್ಮನಿಗೆ ಅದು ಮಗ ಉಳಿದುಕೊಂಡದ್ದರ ಗುರುತು ಎಂದುಕೊಂಡೆ. ಆ ಗುರುತನ್ನು ಕಿತ್ತುಕೊಳ್ಳಲೆಂದು ನಾನು ಓದಿದವನಲ್ಲ. ಅಪ್ಪ ತೀರಿಕೊಂಡು, ನಾನು ಮತ್ತೆ ಅಮ್ಮನ ಜೊತೆಗೇ ಇರಲು ಬಂದ ಮೇಲೂ ಭಾನುವಾರ ನಡೆದುಕೊಂಡೇ ಬಂತು. ಆ ಹೊತ್ತಿಗೆ ನಾನೂ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದೆ. ಇಲ್ಲದವನೊಬ್ಬ ಮನೆಯಲ್ಲಿದ್ದರೆ ಉಳಿದವರು ಮೆಲ್ಲಗೆ ನಡೆಯುವುದನ್ನು ಕಲಿಯುತ್ತಾರೆ.

ಈ ವರ್ಷ ಯಂತ್ರದ ಧ್ವನಿ ಕುಗ್ಗುತ್ತಾ ಬಂತು. ಆಮೇಲೆ ಪರದೆ ನಡುಗತೊಡಗಿತು. ಒಂದು ಭಾನುವಾರ ಐದಾರು ಸಲ ಸ್ವಿಚ್ಚು ಸರಿಸಿದ ಮೇಲೆ ಹತ್ತಿಕೊಂಡಿತು. ಅಮ್ಮನ ಕೈ ಟೀವಿಯ ಮೇಲೆಯೇ ಇತ್ತು, ಜ್ವರ ನೋಡುವವಳ ಹಾಗೆ.

"ಶುಜಿ, ಇದನ್ನ ಯಾರಿಗಾದರೂ ತೋರಿಸು. ಆದ್ರೆ ಅವನು ಹೋಗಬಾರದು. ಅಷ್ಟು ಹೇಳಿ ಕೊಡು."

ಒಸಾಕಾದ ನಿಪ್ಪೊಂಬಾಶಿಯಲ್ಲಿ ಹಳೆಯ ಗೇಮ್ ಯಂತ್ರಗಳನ್ನು ರಿಪೇರಿ ಮಾಡುವ ಕುವಾಬಾರಾ ಎಂಬಾಕೆಯ ಅಂಗಡಿ ಇದೆ. ಮೊಣಕೈಯವರೆಗೆ ಸರಿಸಿದ ಸ್ವೆಟರು, ಹಣೆಯ ಮೇಲೆ ಭೂತಗನ್ನಡಿ. ಕಪಾಟಿನಲ್ಲಿ ಬೂದುಬಣ್ಣದ ಕ್ಯಾಸೆಟ್ಟುಗಳು, ಹಲವುಗಳ ಬೆನ್ನಿಗೆ ಯಾವುದೋ ಮಗು ದಪ್ಪ ಪೆನ್ನಿನಲ್ಲಿ ಬರೆದ ತನ್ನ ಹೆಸರು. ನಾನು ತಂದದ್ದನ್ನು ಆಕೆ ಮೆಲ್ಲನೆ ಟೀವಿಗೆ ಜೋಡಿಸಿದಳು. ಪರದೆ ನಡುಗಿ ನಿಂತಿತು.

"ಅಯ್ಯೋ, ಇದರಲ್ಲಿ ಯಾರೋ ಇದಾರಲ್ರೀ" ಎಂದಳು.

"ಅಂದ್ರೆ?"

"ಸೂಪರ್ ಫ್ಯಾಮಿಕಾಮ್ ಕ್ಯಾಸೆಟ್ ಬಿಚ್ಚಿದ್ರೆ ದಿನಾ ಯಾವುದಾದ್ರೂ ಮಗು ಸಿಗುತ್ತೆ. ಗುರುತಿಲ್ಲದ ಮಕ್ಕಳು, ಅರ್ಧಕ್ಕೆ ಬಿಟ್ಟುಹೋದ ಆಟಗಳು. ಪಿಸಿ ಎಂಜಿನ್ ಮಾತ್ರ ಯಾವಾಗ್ಲೂ ಖಾಲಿ ಬರುತ್ತೆ. ಮೂಲೆ ಸೇರಿದ ತಿಂಗಳೇ ಮನೆ ಖಾಲಿ ಮಾಡಿರುತ್ತೆ. ಒಳಗೆ ಜನ ಇರೋದನ್ನ ನಾನು ಇದೇ ಮೊದಲು ನೋಡಿದ್ದು. ಯಾರು ನೀರು ಹಾಕ್ತಾ ಬಂದ್ರು ಇದಕ್ಕೆ?"

"ಅಮ್ಮ" ಎಂದೆ.

ಆಕೆ ವಿವರಿಸಿದಳು. ಒಳಗಿನ ಕೆಪಾಸಿಟರುಗಳೆಂಬ ಪುಟ್ಟ ಬಿಡಿಭಾಗಗಳು ಸೋರಿ ತಾಮ್ರವನ್ನು ತಿನ್ನುತ್ತಿವೆ. ಎಲ್ಲವನ್ನೂ ತೆಗೆಯಬೇಕು. ತೆಗೆದ ಕ್ಷಣ ನೆನಪು ಹೋಗುತ್ತದೆ. ಅದಕ್ಕೆ ಮುಂಚೆ ಬೇರೊಂದು ಮೆಮೊರಿ ಕಾರ್ಡಿಗೆ ನಕಲು ಮಾಡಿಕೊಂಡು, ಆಮೇಲೆ ವಾಪಸ್ ಹಾಕಬಹುದು.

"ನಕಲು ಸರಿಯಾಯ್ತಾ ಅಂತ ಹೋಲಿಸಿ ನೋಡ್ಬೇಕು. ಆಟ ತೆರೆದು ಎಲ್ಲಿ ನಿಂತಿದ್ದಾನೆ ನೋಡ್ಲಾ? ಸೇವ್ ಮಾಡಲ್ಲ, ಏನೂ ಕೆಡಲ್ಲ."

ಬೇಡ ಎನ್ನಬೇಕಿತ್ತು. ಹೂಂ ಎಂದುಬಿಟ್ಟೆ. ಆಕೆ ಗುಂಡಿ ಒತ್ತಿದಳು.

ಆಟದ ಹೆಸರು 'ಉಪ್ಪಿನ ಸಿಂಹಾಸನ'. ಸಾಯುವ ವಾರ ಅಣ್ಣ ಕೊನೆಯ ಕೋಟೆಯಲ್ಲಿದ್ದ. ನನಗೆ ಚೆನ್ನಾಗಿ ನೆನಪಿದೆ, ಊಟದ ಹೊತ್ತಿಗೂ ಅದೇ ಕೊಚ್ಚಿಕೊಳ್ಳುತ್ತಿದ್ದ: ಕಪ್ಪು ಗೋಡೆ, ಬಾಗಿಲಲ್ಲಿ ಎರಡು ತಲೆಯ ನಾಯಿ. ಪರದೆಯ ಮೇಲೆ ಕೋಟೆ ಇರಲಿಲ್ಲ. ಒಂದು ಬಂದರು. ಹಲಗೆಯ ಕಟ್ಟೆ, ಹಸಿರು ನೀರು, ಟೆಪ್ಪೇ ಎಂಬ ಹೆಸರಿನ ಪುಟ್ಟ ಸೈನಿಕ. ಅವನ ಬೆನ್ನಿಗೆ ಇಬ್ಬರು ಜೊತೆಗಾರರು.

"ಆಟದ ನಡು ಭಾಗ ಇದು" ಎಂದಳು ಕುವಾಬಾರಾ.

ಅಂದರೆ ಇವನು ಅಣ್ಣ ಬಿಟ್ಟುಹೋದ ಟೆಪ್ಪೇ ಅಲ್ಲ. ಇಷ್ಟು ವರ್ಷ ತಲೆಯಲ್ಲಿ ಗೊತ್ತಿದ್ದದ್ದು ಈಗ ಕಣ್ಣಿಗೆ ಕಂಡಿತು. ಅಮ್ಮನನ್ನು ಕೇಳಿ ನಾಳೆ ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ಏನೂ ಬಿಚ್ಚಬೇಡಿ ಎಂದು ಹೇಳಿ ಹೊರಬಿದ್ದೆ. ರೈಲಿನಲ್ಲಿ ಒಂದೇ ಯೋಚನೆ. ಅಮ್ಮನಿಗೆ ಇದು ಗೊತ್ತಾಗಕೂಡದು. ಅವಳು ಎರಡನೆಯ ಸಲ ಮಗನನ್ನು ಕಳೆದುಕೊಳ್ಳುವುದನ್ನು ನಾನು ನೋಡಲಾರೆ.

ಅಮ್ಮ ಬಟ್ಟೆ ಮಡಚುತ್ತಿದ್ದಳು.

"ಆಯ್ತಾ?"

"ಆಗುತ್ತಂತೆ. ಮೊದಲು ನಕಲು ಮಾಡ್ಕೊಂಡು ಆಮೇಲೆ ಬಿಚ್ಚುತ್ತಾರೆ. ಅವನಿಗೇನೂ ಆಗಲ್ಲ."

"ಒಳಗೆ ನೋಡಿದ್ರಾ?"

"ನೋಡಿದ್ವಿ."

"ಎಲ್ಲಿ ನಿಂತಿದ್ದಾನೆ?"

"ಕೊನೇ ಕೋಟೇಲಿ" ಎಂದೆ. "ಅಣ್ಣ ಹೇಳ್ತಿದ್ನಲ್ಲ, ಎರಡು ತಲೆ ನಾಯಿ. ಅದರ ಎದುರಿಗೇ."

ಅಮ್ಮ ಕೈಯಲ್ಲಿದ್ದ ಟವೆಲನ್ನು ಮತ್ತೊಮ್ಮೆ ಮಡಚಿದಳು. ಆಮೇಲೆ ಮೂಗಿನಲ್ಲೇ ನಕ್ಕಳು.

"ಸುಳ್ಳು ಹೇಳೋಕೆ ಚಿಕ್ಕಂದಿನಿಂದಲೂ ಬರಲ್ಲ ನಿಂಗೆ. ನಾನು ಆಟದ ಮೊದಲನೇ ಹಳ್ಳಿ ಛತ್ರ ದಾಟಿಸಿಲ್ಲ ಅವನನ್ನ."

ನಾನು ಅವಳೆದುರಿಗೆ ಕುಳಿತೆ.

"ನೀನು ಚಿಕ್ಕಮ್ಮನ ಮನೇಲಿದ್ಯಲ್ಲ, ಫೋನಲ್ಲಿ ಒಂದೇ ಮಾತು. ಅಣ್ಣ ಇದ್ದಾನಾ, ಅಣ್ಣ ಇದ್ದಾನಾ. ಅನ್ನ ಮುಟ್ಟಲ್ಲ ಅಂತ ಅವಳು ಅಳ್ತಿದ್ಲು. ನಾಳೆ ನೀನು ಬರ್ತೀಯ ಅನ್ನೋ ದಿನ ಯಂತ್ರ ಹಾಕಿ ನೋಡಿದ್ರೆ ಪಟ್ಟಿ ಖಾಲಿ. ಖಾಲಿ ಅಂದ್ರೆ ಖಾಲಿ. ಏನ್ಮಾಡ್ಲಿ? ಹೆಸರು ನಾನೇ ಬರೆದೆ. ಬರೆದ್ರೆ ಸಾಲದಂತೆ, ಛತ್ರದವರೆಗೆ ನಡೆದುಹೋಗಿ ಅಲ್ಲಿ ಮಲಗಿದ್ರೇನೆ ಉಳಿಯೋದಂತೆ. ನಿಮ್ಮಪ್ಪ ಪಕ್ಕದಲ್ಲಿ ಕೂತು ಆಟದ ಪುಸ್ತಕ ಓದಿ ಹೇಳ್ತಿದ್ರು. ಎಡಕ್ಕೆ ಹೋಗು, ಅಯ್ಯೋ ಎಡಕ್ಕೆ, ಅದು ಬಲ ಕಣೇ! ದಾರೀಲಿ ಒಂದು ಹಸಿರು ಕಪ್ಪೆ ನನ್ನನ್ನ ಎಷ್ಟು ಸಲ ಕೊಂದಿತೋ. ಪ್ರತಿ ಸಲ ಪರದೆ ಮೇಲೆ ಟೆಪ್ಪೇ ಅಂತ ಹೆಸರು ತೋರಿಸಿ, ಸತ್ತ ಅಂತ ಬರೆಯೋದು. ನಿಮ್ಮಪ್ಪ ಪುಸ್ತಕ ಕೆಳಗಿಟ್ಟು ಹೊರಗೆ ಹೋಗಿ ನಿಂತ್ರು. ಸ್ವಲ್ಪ ಹೊತ್ತು ಬಿಟ್ಟು ಬಂದು ಮತ್ತೆ ಓದಿದ್ರು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ನಂಬಿದ್ಯಲ್ಲ. ಪ್ರತಿ ಭಾನುವಾರ ಬಾಗಿಲಲ್ಲಿ ಬಂದು ನಿಲ್ತಿದ್ದೆ."

ನಾನು ನಿಂತದ್ದು ಅವಳಿಗಾಗಿ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಹೇಳದೆಯೂ ಅವಳಿಗೆ ಅರ್ಥವಾಯಿತು ಎನ್ನಿಸಿತು. ಅವಳು ಟವೆಲನ್ನು ಮುಖದ ಹತ್ತಿರ ಹಿಡಿದು ಕೆಳಗಿಟ್ಟಳು.

"ಅಮ್ಮ, ಅವನು ಛತ್ರದಲ್ಲೂ ಇಲ್ಲ."

"ಮತ್ತೆ?"

"ಬಂದರಲ್ಲಿ ಇದ್ದಾನೆ. ಬಹಳ ದೂರ. ಇಬ್ಬರು ಜೊತೆಗಿದ್ದಾರೆ."

ಅಮ್ಮನ ಮುಖದ ಬಣ್ಣ ಇಳಿಯಿತು. ಒಂದು ಕ್ಷಣ ಅವಳು ನಂಬಿದಳು. ತಾನೇ ಬರೆದ ಹೆಸರು ಎದ್ದು ನಡೆದಿದೆ ಎಂದು ನಿಜವಾಗಿಯೂ ನಂಬಿದಳು. ಅವಳ ಕಣ್ಣಲ್ಲಿ ಆಗ ಕಂಡದ್ದು ಸಂತೋಷವೋ ಹೆದರಿಕೆಯೋ ನನಗೆ ಹೇಳಲು ಬಾರದು. ನಾನು ಬೇಗ ಕೇಳಿದೆ:

"ಹೆಸರು ನೀನೇ ಬರೆದದ್ದು ಅಪ್ಪನಿಗೂ ಗೊತ್ತಿತ್ತಲ್ವಾ?"

ಅವಳು ಟೀವಿಯ ಕಡೆ ತಿರುಗಿದಳು.

"ಶನಿವಾರ" ಎಂದಳು. "ನಾನು ಸಂತೆಗೆ ಹೋದಾಗ ಇಯರ್‌ಫೋನ್ ಹಾಕ್ಕೊಂಡು ಟೀವೀಲಿ ಬೇಸ್‌ಬಾಲ್ ನೋಡ್ತೀನಿ ಅಂತಿದ್ರು. ಅವರ ಟೈಗರ್ಸ್ ತಂಡ ಸೋತ ದಿನಾನೂ ಗೆಲುವಾಗಿರೋರು. ವಯಸ್ಸಾಯ್ತು, ತಲೆ ಕೆಟ್ಟಿದೆ ಅಂದ್ಕೊಂಡೆ ನಾನು. ಸಮಾಧಿ ಮುಂದೆ ಕೂಡ ಮಗನ ಹೆಸರು ಬಾಯಿಗೆ ತಂದವರಲ್ಲ."

ಮರುದಿನ ಕುವಾಬಾರಾಗೆ ಫೋನ್ ಮಾಡಿದೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು.

"ಅಣ್ಣನದಲ್ಲ ಅಂತ ಗೊತ್ತಾಯ್ತಲ್ಲ, ಬೇಡ ಅನ್ಲಾ?" ಎಂದು ಫೋನಿಗೆ ಕೈ ಅಡ್ಡ ಹಿಡಿದು ಕೇಳಿದೆ.

"ಉಳಿಸೋಕೆ ಹೇಳು."

ಯಂತ್ರ ಭಾನುವಾರದೊಳಗೆ ಮನೆಗೆ ಬಂತು. ಅಮ್ಮ ಬಟ್ಟಲು ತೊಳೆದಿಟ್ಟು ಬಂದು ಕುಳಿತಳು. ನೀಲಿ ಪರದೆ, ಒಂದು ಹೆಸರು. ಅವಳು ನನ್ನ ಮುಖ ನೋಡಿ ಮುಂದಿನ ಗುಂಡಿ ಒತ್ತಿದಳು.

ಧ್ವನಿ ಮರಳಿ ಬಂದಿತ್ತು. ಅಲೆಯ ಸದ್ದು, ಹಕ್ಕಿಗಳ ಕೂಗು ಕೋಣೆ ತುಂಬಿಕೊಂಡಿತು. ಹಲಗೆಯ ಕಟ್ಟೆಯ ಮೇಲೆ ಟೆಪ್ಪೇ ನಿಂತಿದ್ದ. ಇದ್ದ ಒಂದೇ ಕಂಟ್ರೋಲರ್ ಅಮ್ಮನ ಕೈಯಲ್ಲಿ. ಒಂದು ಹೆಜ್ಜೆ ನಡೆಸಿದಳು. ಕಟ್ಟೆಯ ತುದಿಯಲ್ಲಿದ್ದ ನಾವಿಕ ಗಟ್ಟಿ ಧ್ವನಿಯಲ್ಲಿ, ನಿಜವಾದ ಮನುಷ್ಯನ ಧ್ವನಿಯಲ್ಲಿ ಕೇಳಿದ: "ಹಡಗು ಹೊರಡುತ್ತದೆ. ಹತ್ತುತ್ತೀಯಾ?" ಕೆಳಗೆ ಎರಡು ಪದ: ಹೌದು, ಇಲ್ಲ.

"ಹತ್ತಿದ್ರೆ ವಾಪಸ್ ಬರೋಕಾಗುತ್ತಾ?" ಅಮ್ಮ ಕೇಳಿದಳು.

"ಗೊತ್ತಿಲ್ಲ ಅಮ್ಮ."

ಆಗ ಪರದೆಯ ಮೂಲೆಯಲ್ಲಿದ್ದ ಸಂಖ್ಯೆ ಕಣ್ಣಿಗೆ ಬಿತ್ತು. ಸೈನಿಕನ ಬಲ ತೊಂಬತ್ತೊಂಬತ್ತು. ಅದಕ್ಕಿಂತ ಮೇಲೆ ಆ ಆಟದಲ್ಲಿ ಸಂಖ್ಯೆಯೇ ಇಲ್ಲ. ಈ ಬಂದರು ದಾಟಲು ಅದರ ಕಾಲು ಭಾಗ ಸಾಕಾಗಿತ್ತು. ಅಪ್ಪ ದಾರಿ ಕಾಣದೆ ಇಲ್ಲಿ ನಿಂತವರಲ್ಲ. ಶನಿವಾರ ಶನಿವಾರ ಈ ಕಟ್ಟೆಗೆ ಬಂದು, ಈ ಪ್ರಶ್ನೆ ಕೇಳಿಸಿಕೊಂಡು, ಇಲ್ಲ ಎಂದು ಹೇಳಿ, ಊರಾಚೆಯ ಕಾಡಿಗೆ ಹೋಗಿ ಕಪ್ಪೆಗಳನ್ನು ಹೊಡೆದು ಬಲ ಹೆಚ್ಚಿಸಿಕೊಂಡು ಹಿಂತಿರುಗಿದ್ದಾರೆ. ವರ್ಷಗಟ್ಟಲೆ.

ಅದನ್ನು ಅಮ್ಮನಿಗೆ ಹೇಳಿದೆ. ಈ ಸಲ ಏನನ್ನೂ ಮುಚ್ಚಲಿಲ್ಲ.

ಅವಳು ಕಂಟ್ರೋಲರನ್ನು ನನ್ನ ತೊಡೆಯ ಮೇಲಿಟ್ಟಳು. "ನನ್ನ ಕೈಲಾಗಲ್ಲ. ನೀನೇ ಹೇಳು."

ಅಣ್ಣನ ಬೆರಳು ತಾಗಿ ನುಣುಪಾದ ಗುಂಡಿ. ಅಪ್ಪನದೂ ಇರಬಹುದು. ನಾವಿಕ ಅವಸರ ಮಾಡಲಿಲ್ಲ. ನಾನು ಪರದೆಯ ಬಾಣವನ್ನು 'ಹೌದು' ಪದದ ಮೇಲಿಟ್ಟು, ಹಾಗೆಯೇ ಕುಳಿತು, ಕೆಳಗೆ ಸರಿಸಿ, 'ಇಲ್ಲ' ಒತ್ತಿದೆ.

"ಆಗಲಿ" ಎಂದಿತು ಆ ಧ್ವನಿ. "ಕಾಯುತ್ತೇನೆ."

ಅಮ್ಮ ಯಂತ್ರವನ್ನು ಆಫ್ ಮಾಡಲು ಏಳಲಿಲ್ಲ. ಕಟ್ಟೆಯ ಮೇಲೆ ಟೆಪ್ಪೇ, ಆ ಕಾಲದ ಆಟಗಳ ಬೊಂಬೆಗಳೆಲ್ಲ ಮಾಡುವ ಹಾಗೆ, ನಿಂತಲ್ಲೇ ಕಾಲೆತ್ತಿ ಇಡುತ್ತಿದ್ದ. ಎಲ್ಲಿಗೋ ನಡೆಯುತ್ತಿರುವವನಂತೆ.