ಮೊದಲ ಖಣ ಹರಿಯುವ ತನಕ

ಏಳು ಹೊಳೆ ದಾಟಿ, ಎಂಟನೆಯದರ ದಂಡೆಯ ಮೇಲೆ ಒಬ್ಬ ರಾಣಿ ಇದ್ದಳಂತೆ. ನಾಲ್ಕು ದಿನ ಬಂಗಾರದ ಪಟ್ಟಣಕ್ಕೆ ಹೋಗಿ ಬಂದ ಮೇಲೆ ಅವಳ ಕಣ್ಣಿಗೆ ತನ್ನ ಊರಿನ ಬಾವಿಯೂ ಕಾಣಲಿಲ್ಲವಂತೆ. ಕಾಣದೆ, ಅದರೊಳಗೇ ಬಿದ್ದಳಂತೆ. ತಾಂಬಾ ಊರಿನ ಸಾವಂತ್ರವ್ವ ಈ ಕತೆ ಹೇಳುವಾಗ ರಾಣಿಗೆ ಹೆಸರಿಡುತ್ತಿರಲಿಲ್ಲ. ಮೊಮ್ಮಗಳು ಪಲ್ಲವಿಗೆ ಆ ಹೆಸರು ಅವತ್ತು ಇಂಡಿ ಪೇಟೆಯ ಬಜಾರಿನಲ್ಲಿ ಸಿಕ್ಕಿತು: ಯಶೋಧಾ.

ಪಲ್ಲವಿಯನ್ನು ಮದುವೆಯಾಗಲಿರುವ ಅರುಣಕುಮಾರನ ಸೋದರತ್ತೆ ಅವಳು. ಹೋದ ದೀಪಾವಳಿಗೆ ಟೂರಿನವರ ಜತೆ ಸಿಂಗಾಪುರ ಕಂಡು ಬಂದಿದ್ದಳು. ಬಂದದ್ದು ಬರಿಯ ಮೈ. ನಾಲಿಗೆ ಇನ್ನೂ ಅಲ್ಲಿಯ ಬಜಾರಿನಲ್ಲೇ ಅಡ್ಡಾಡುತ್ತಿತ್ತು. ಎರಡೂ ಮನೆಯವರು ಕೂಡಿ ಮದುವೆಯ ಬಟ್ಟೆ ಕೊಳ್ಳುವ ಬಸ್ತಾಕ್ಕೆ ಗಂಡಿನ ಕಡೆಯವರೊಬ್ಬರು ಹಿರೇತನ ವಹಿಸಿ, ಮೊದಲ ಅಂಗಡಿ ಗೊತ್ತು ಮಾಡಬೇಕು. ಈ ಸಲ ಹಿರೇತನ ಯಶೋಧಾಳ ಕೊರಳಿಗೆ ಬಿದ್ದಿತ್ತು; ಯಶೋಧಾ ಉಳಿದವರ ಕೊರಳಿಗೆ ಬಿದ್ದಿದ್ದಳು.

ಬಸ್ತಾಕ್ಕೊಂದು ಕಟ್ಟಳೆ ಇತ್ತು. ಮೊದಲು ಹರಿಯುವುದು ಕುಬಸದ ಬಟ್ಟೆ, ಅಂದರೆ ಖಣ. ಅಂಗಡಿಯವನು ಹಾಸಿದ ಖಣದ ಮೇಲೆ ಮದುಮಗಳು ಕೈ ಇಟ್ಟರಷ್ಟೇ ಅದಕ್ಕೆ ಕತ್ತರಿ. ಅದು ಹರಿದು ಅವಳ ಉಡಿಗೆ ಬೀಳುವ ತನಕ ಯಾರೂ ಬಜಾರಿನಲ್ಲಿ ಬಾಯಿಗೆ ಏನೂ ಹಚ್ಚುವಂತಿಲ್ಲ, ಚಹಾ ಕೂಡ. ಹಿರೇತನದವರೇ ಹಚ್ಚಿದರೋ, ಹಿರೇತನ ಹೋಯಿತು. ಆಮೇಲೆ ಮದುಮಗಳು ತೋರಿಸಿದ್ದೇ ಅಂಗಡಿ.

ಮುಂಜಾನೆ ಹೊರಡುವಾಗ ಮೊಣಕಾಲು ನೋವಿನ ಅಜ್ಜಿ ಹೊರಸಿನ ಮೇಲಿಂದಲೇ ಪಲ್ಲವಿಯ ಕೈ ಹಿಡಿದಿದ್ದಳು.

"ಮೊದಲ ಖಣ ಶಮಶುದ್ದೀನಣ್ಣನ ಅಂಗಡ್ಯಾಗ ಹರೀಬೇಕ ನೋಡವಾ. ನನಗ ತವರುಮನಿ ಅಂದ್ರ ಅದ."

ಸಾವಂತ್ರವ್ವನಿಗೆ ಒಡಹುಟ್ಟಿದವರಿಲ್ಲ. ಅವಳ ಬಸ್ತಾದ ದಿನ, ಉಡಿಗೆ ಖಣ ಹಾಕಲು ಒಬ್ಬ ಅಣ್ಣನೂ ಗತಿಯಿಲ್ಲವೆಂದು ಗಂಡಿನ ಕಡೆಯವರು ಗುಸುಗುಸು ಅನ್ನುವಾಗ, ಶಮಶುದ್ದೀನ ಗಾದಿಯಿಂದ ಎದ್ದು ಬಂದು "ನಾ ಇಲ್ಲೇನ?" ಎಂದು ಖಣವನ್ನು ತಾನೇ ಹಾಕಿದ್ದ. ಅವನು ಈಗಿಲ್ಲ, ಗಾದಿಯ ಮೇಲೆ ಮಗ ನಬಿಲಾಲ ಇದ್ದಾನೆ.

"ಅಲ್ಲೇ ಹರಿಸ್ತೇನಿ, ಆಯಿ" ಎಂದು ಪಲ್ಲವಿ ಮಾತು ಕೊಟ್ಟು ಬಂದಿದ್ದಳು.

ಇಂಡಿ ಬಜಾರಿನಲ್ಲಿರುವ ನಬಿಲಾಲನ ಅಂಗಡಿಗೆ ಗಟಾರದ ಮೇಲೊಂದು ಕಲ್ಲು ದಾಟಬೇಕು. ಯಶೋಧಾ ಕಲ್ಲು ನೋಡಿದಳು, ಸೆರಗು ಮೂಗಿಗೆ ಹಿಡಿದಳು.

"ಇದೇನ ಅಂಗಡಿನೋ, ಇಲಿ ಬಿಲಾನೋ? ಸಿಂಗಾಪುರದಾಗ ರಸ್ತಾದ ಮ್ಯಾಲ ಅನ್ನ ಸುರಕೊಂಡು ಉಣಬೇಕು, ಹಂಗ ಸ್ವಚ್ಛ ಇರ್ತೈತಿ."

"ಉಂಡ್ರೇನ್ರಿ ಅತ್ತಿ?" ಎಂದಳು ಪಲ್ಲವಿ.

ಯಶೋಧಾಳಿಗೆ ಕೇಳಿಸಲಿಲ್ಲ. "ಅಲ್ಲಿ ಒಂದ ಗಲ್ಲ್ಯಾಗ ಚೀನಾದವರು, ಮಲಯಾದವರು, ತಮಿಳರು, ಎಲ್ಲಾ ಮಂದಿ ಬಾಜೂಕ ಬಾಜೂ ಕುಂತು ವ್ಯಾಪಾರ ಮಾಡ್ತಾರ. ನೋಡಾಕ ಎರಡು ಕಣ್ಣು ಸಾಲೂದಿಲ್ಲ. ನಮ್ಮಲ್ಲಿ ಅಂಥಾದ್ದು ಎಲ್ಲೈತಿ?"

ಅವಳ ಬೆನ್ನ ಹಿಂದೆ ಮಾರವಾಡಿಯ ಭಾಂಡೆ-ಪಾತ್ರೆಯ ಅಂಗಡಿ. ಅದರ ಕಟ್ಟೆಯ ಮೇಲೆ ಬಳೆಗಾರ ಮಂಜೂರ. ಅವನ ಮುಂದೆ ಕೈ ಚಾಚಿ ಕೂತ ಲಂಬಾಣಿ ಹೆಂಗಸು ಅರ್ಧ ತನ್ನ ಮಾತಿನಲ್ಲಿ, ಅರ್ಧ ಕನ್ನಡದಲ್ಲಿ ಅವನನ್ನು ಬಯ್ಯುತ್ತಿದ್ದಳು. ಅವನು ಉರ್ದುವಿನಲ್ಲಿ ನಗುತ್ತಿದ್ದ. ಸೋಲಾಪುರದ ಚಾದರದವನು ಮರಾಠಿಯಲ್ಲಿ ಕೂಗುತ್ತಿದ್ದ. ಯಶೋಧಾ ಒಂದು ಸೆಲ್ಫಿ ತೆಗೆದುಕೊಂಡಳು, ಹಿಂದಿನವರು ಯಾರೂ ಬಾರದ ಹಾಗೆ ಫೋನು ಓರೆ ಮಾಡಿ.

"ನಡೀರಿ ಸಿಂದಗಿಗೆ. ಅಲ್ಲಿ ಗಾಜಿನ ಅಂಗಡಿ ಆಗ್ಯಾವಂತ."

ಕ್ರೂಸರ್ ಗಾಡಿಯ ತುಂಬ ಚಹಾ ಕಾಣದ ಮುಖಗಳು. ಸಿಂದಗಿಯ ಮೊದಲ ಅಂಗಡಿಯಲ್ಲಿ ಖಣ ಹಾಸಿದರು. ಪಲ್ಲವಿಯ ಕೈ ಸೆರಗಿನ ಒಳಗೇ ಇತ್ತು. ಎರಡನೆಯದರಲ್ಲೂ ಹಾಗೆಯೇ.

"ಕೈ ಇಡ ಯವ್ವಾ" ಎಂದಳು ಯಶೋಧಾ.

"ಬ್ಯಾಡ್ರಿ ಅತ್ತಿ."

"ಇದಕೇನ ಆಗೈತಿ?"

"ಸಿಂಗಾಪುರದ್ದರಂಗ ಕಾಣವಲ್ದ್ರಿ."

ಯಶೋಧಾ ಹೆಮ್ಮೆಯಿಂದ ತಲೆದೂಗಿದಳು. ಹುಡುಗಿ ಕಲಿಯುತ್ತಿದ್ದಾಳೆ!

ಯಶೋಧಾಳ ಅಪ್ಪ ಧರೆಪ್ಪ, ಅರುಣಕುಮಾರನ ಮುತ್ಯಾ, ರುಮಾಲು ತೆಗೆದು ಹಣೆ ತಿಕ್ಕಿಕೊಂಡ. "ನನ್ನ ತಲಿ ಸಿಡ್ಯಾಕತ್ತೈತಿ. ಚಹಾ ಇಲ್ದ ಇಷ್ಟೊತ್ತು ಯಮನೂ ಕುಂದರಸೂದಿಲ್ಲ."

ಮೂರನೆಯದು ಬಲು ದೊಡ್ಡದು. ಗಾಜಿನ ಬಾಗಿಲು ತಾನೇ ತೆರೆಯಿತು, ತಂಪು ಗಾಳಿ ಬಂತು. ಒಬ್ಬ ಹುಡುಗಿ ನಗುತ್ತ ತಾಟಿನಲ್ಲಿ ಕಾಫಿಯ ಕಪ್ಪುಗಳನ್ನು ಹಿಡಿದಳು. "ಇದಕ್ಕ ಅಂತಾರ ಅಂಗಡಿ!" ಎನ್ನುತ್ತ ಯಶೋಧಾ ಕಪ್ಪೊಂದನ್ನೆತ್ತಿ, ಥ್ಯಾಂಕ್ಯೂ ಹೇಳಿ, ಸೊರ್ರನೆ ಹೀರಿದಳು.

ಎರಡೂ ಮನೆಯ ಮಂದಿ ನಿಂತಲ್ಲೇ ನಿಂತರು.

"ಕುಡದ್ಯಾ?" ಎಂದ ಧರೆಪ್ಪ.

"ಅಪ್ಪಾ, ಇದು ಕಾಫಿ! ಚಹಾ ಅಲ್ಲ! ಸಿಂಗಾಪುರದಾಗ ಒಳಗ ಕಾಲಿಟ್ಟ ಕೂಡ್ಲೆ ಕೊಡ್ತಿದ್ರು, ಕೈ ತಾನ ಹೋತು."

"ಕೈ ಸಿಂಗಾಪುರದ್ದಂತ ಆತು. ಬಾಯಿ ಯಾರದು?"

ಅವಳ ಮೇಲ್ದುಟಿಯ ಮೇಲೆ ನೊರೆಯ ಮೀಸೆ ಮೂಡಿತ್ತು. ಅದನ್ನು ಒರೆಸಿಕೊಳ್ಳಲೂ ಮರೆತು ಅವಳು ಎಲ್ಲರ ಮುಖ ನೋಡಿದಳು. ಯಾರೂ ಅವಳ ಕಡೆ ಆಗಲಿಲ್ಲ. ಎಲ್ಲರಿಗೂ ತಲೆ ಸಿಡಿಯುತ್ತಿತ್ತು.

"ಹಿರೇತನ ಹೋತು ನಿಂದು" ಎಂದು ಧರೆಪ್ಪ ಪಲ್ಲವಿಯ ಕಡೆ ತಿರುಗಿದ. "ಹೇಳವಾ, ಯಾವ ಅಂಗಡಿ? ಲಗೂ ಹೇಳು."

"ಇಂಡ್ಯಾಗ್ರಿ ಮುತ್ಯಾ. ಗಟಾರ ದಾಟಿ."

ಅವರು ಇಂಡಿ ಮುಟ್ಟಿದಾಗ ನಬಿಲಾಲ ಷಟರ್ ಅರ್ಧ ಎಳೆದಿದ್ದ. "ನಾ ಸಾವಂತ್ರವ್ವನ ಮೊಮ್ಮಗಳರೀ ಕಾಕಾ" ಎಂದಳು ಪಲ್ಲವಿ. "ನಮ್ಮ ಅತ್ತಿ ಮೊಮ್ಮಗಳಾ?" ಎಂದವನೇ ಷಟರನ್ನು ಧಡಲ್ಲನೆ ಮೇಲೆತ್ತಿದ. ಎಲ್ಲರೂ ಕಲ್ಲು ದಾಟಿದರು. ಮೂಗು ಮೇಲೆ ಮಾಡಿ ದಾಟಿದ ಯಶೋಧಾ ಒಂದು ಚಪ್ಪಲಿಯನ್ನು ಗಟಾರಕ್ಕೆ ಕೊಟ್ಟಳು. ಸಿಂಗಾಪುರದ್ದೇ ಚಪ್ಪಲಿ.

ನಬಿಲಾಲ ಕೆಂಪು ಖಣದ ಸುರುಳಿ ಬಿಚ್ಚಿ ಹಾಸಿದ. ಪಲ್ಲವಿ ಅಜ್ಜಿಗೆ ಫೋನು ಹಚ್ಚಿ ಪಕ್ಕದಲ್ಲಿಟ್ಟಳು. ದಿನವಿಡೀ ಸೆರಗಿನಲ್ಲಿ ಅಡಗಿದ್ದ ಕೈಯನ್ನು ಹೊರಗೆ ತೆಗೆದು ಖಣದ ಮೇಲೆ ಇಟ್ಟಳು. ನಬಿಲಾಲ ಅಂಚಿಗೆ ಕತ್ತರಿ ತಾಗಿಸಿ ಎರಡೂ ಕೈಯಲ್ಲಿ ಎಳೆದ. ಪರ್ರ್‌ ಎಂದು ಹರಿಯಿತು. ಅವನು ಗಾದಿಯಿಂದ ಎದ್ದು ಬಂದು, ಅಪ್ಪ ಹಾಕಿದ ಹಾಗೆಯೇ, ಅದನ್ನು ಅವಳ ಉಡಿಗೆ ಹಾಕಿದ.

ಪಲ್ಲವಿ ಫೋನನ್ನು ಕಿವಿಗೆ ಹಿಡಿದಳು.

"ಹರದದ್ದು ಕೇಳಿಸ್ತವಾ" ಎಂದಳು ಸಾವಂತ್ರವ್ವ. "ಇನ್ನ ಎಲ್ಲಾರಿಗೂ ಚಹಾ ಹೇಳು."