ಪಂಚಮಿಗೆ ಕರೆಯಲು ಬಂದ ಕಾರು

ನಮ್ಮ ಕಡೆ ಪಂಚಮಿ ಹತ್ತಿರ ಬಂತೆಂದರೆ ಕೊಟ್ಟ ಹೆಣ್ಣುಮಕ್ಕಳ ಕೈ ಒಲೆಯ ಮುಂದಿದ್ದರೂ ಕಿವಿ ಹಾದಿಯ ಮೇಲಿರುತ್ತದೆ. ಕರೆಯಲು ತವರಿನಿಂದ ಅಣ್ಣನೋ ತಮ್ಮನೋ ಬರಬೇಕು. ಯಾರೂ ಬರಲಿಲ್ಲವೆಂದು ತಾನೇ ಚೀಲ ಹಿಡಿದು ಬಸ್ಸು ಹತ್ತುವವರು ಇದ್ದಾರು, ಈ ಸೋಮವ್ವ ಅಂಥವಳಲ್ಲ. ಕರೆಯದೆ ಹೋದರೆ ಅದು ತವರಲ್ಲ, ಧರ್ಮಶಾಲೆ. ಹೀಗೆ ಹೇಳಿಕೊಂಡೇ ಅವ್ವ ತೀರಿಹೋದ ಮೇಲಿನ ಎರಡು ಪಂಚಮಿಗಳನ್ನು ನಾನು ಸಂಪಗಾಂವದ ಗಂಡನ ಮನೆಯಲ್ಲಿ ಕಳೆದೆ. ಓಣಿಯ ಹುಡುಗಿಯರು ಜೋಕಾಲಿ ಜೀಕುತ್ತಿದ್ದರೆ ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕುಳಿತಿದ್ದೆ.

ನನ್ನ ತವರು ಮಲಪ್ರಭೆಯ ದಂಡೆಯ ಮನೋಳಿ. ಅಲ್ಲಿ ಇರುವವನು ನನ್ನ ಒಬ್ಬನೇ ತಮ್ಮ ನಿಂಗರಾಜ. ನಮ್ಮಿಬ್ಬರ ಜಗಳ ಅವ್ವನ ಫೋಟೋದ ಸಲುವಾಗಿ. ನಮ್ಮವ್ವ ಗುರವ್ವ ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುವ ಹೆಂಗಸು. ನನ್ನ ಮದುವೆಯ ಜವಳಿ ತರಲು ಬೈಲಹೊಂಗಲಕ್ಕೆ ಬಂದ ದಿನ ನಾನೇ ಹಠ ಹಿಡಿದು ಸ್ಟುಡಿಯೋದಲ್ಲಿ ಕೂಡಿಸಿ ಒಂದು ಫೋಟೋ ತೆಗೆಸಿದ್ದೆ. ಅವ್ವನದೆಂದು ಉಳಿದದ್ದು ಅದೊಂದೇ. ದಿನಕರ್ಮ ಮುಗಿದ ದಿನ ಅದನ್ನು ನನಗೆ ಕೊಡು ಎಂದು ಕೇಳಿದೆ.

"ಅವ್ವ ಈ ಮನಿಯಾಕಿ. ಆಕಿ ಫೋಟೋ ಈ ದೇವರ ಜಗಲಿ ಬಿಟ್ಟು ಎಲ್ಲೂ ಹೋಗೂದಿಲ್ಲ," ಎಂದ ನಿಂಗರಾಜ. "ಬೇಕಾದ್ರ ನಕಲ ತಗಸಿ ಕೊಡತೇನಿ."

"ತಗಸಿದಾಕಿ ನಾನು, ನನಗ ನಕಲೇನ? ಫೋಟೋನೂ ಇಟ್ಕೊ, ತವರನೂ ನೀನಾ ಇಟ್ಕೊ. ನಿನಗೊಬ್ಬಾಕಿ ಅಕ್ಕ ಇದ್ಲು ಅನ್ನೂದು ಮರ್ತ ಬಿಡು."

ಹಾಗೆ ಹೇಳಿ ಬಂದವಳು ತಿರುಗಿ ನೋಡಲಿಲ್ಲ. ಮೊದಲ ಪಂಚಮಿಗೆ ಅವನೂ ಬರಲಿಲ್ಲ. ಎರಡನೆಯದಕ್ಕೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಉಂಡಿಯ ಡಬ್ಬಿ ಬಂತು. ಅಕ್ಕನನ್ನು ಕರೆಯುವ ಬದಲು ಅಕ್ಕನಿಗೆ ಡಬ್ಬಿ ಕಳಿಸುತ್ತಾನೆಂದರೆ ನಾನೇನು ಭಿಕ್ಷೆಗೆ ನಿಂತವಳೇ? ಮುಚ್ಚಳ ತೆಗೆಯದೆ ಅದೇ ಬಸ್ಸಿಗೆ ಹೊರಳಿ ಕಳಿಸಿದೆ. ಶೇಂಗಾ ಉಂಡಿಯ ವಾಸನೆ ಮಾತ್ರ ಕೈಯಲ್ಲಿ ಉಳಿಯಿತು. ಆ ದಿನವಿಡೀ ಆಗಾಗ ಅಂಗೈ ಮೂಸಿ ನೋಡಿದೆ, ಯಾರಿಗೂ ಹೇಳಲಿಲ್ಲ.

ಮೂರನೆಯ ಪಂಚಮಿಯ ಮುನ್ನಾದಿನ, ಅದು ಎರಡು ಸಾವಿರದ ಮೂರನೆಯ ಇಸವಿ, ಜಿಟಿಜಿಟಿ ಮಳೆಯಲ್ಲಿ ನಮ್ಮ ಅಂಗಳಕ್ಕೆ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವನು ನಿಂಗರಾಜ. ಯಾರೋ ಡಾಕ್ಟರು ಬಳಸಿ ಮಾರಿದ ಹಳೆಯ ಕಾರನ್ನು ಈ ವರ್ಷವೇ ಕೊಂಡಿದ್ದಾನೆಂದು ಸುದ್ದಿ ನನ್ನ ಕಿವಿಗೂ ಬಿದ್ದಿತ್ತು.

"ಡಬ್ಬಿ ಆದ್ರ ಹೊಳ್ಳಿ ಕಳಸ್ತಿ. ನಾನಾ ಬಂದೇನಿ, ಈಗ ಹ್ಯಾಂಗ ಕಳಸ್ತಿ?" ಎಂದ, ಬಾಗಿಲಲ್ಲೇ ನಿಂತು.

ನಮ್ಮ ಯಜಮಾನರು ಅಂದಾನೆಪ್ಪನವರು ಪಡಸಾಲೆಯಿಂದಲೇ, "ಹೋಗಿ ಬಾ. ಎರಡ ವರ್ಷದಿಂದ ಆ ಹಾದಿ ನೋಡಿ ನೋಡಿ ನಿನ್ನ ಕಣ್ಣ ಗುಳಿ ಬಿದ್ದಾವು," ಎಂದರು. ತಮ್ಮನ ಮುಂದೆ ಹೀಗೆ ಮರ್ಯಾದೆ ತೆಗೆಯಬಾರದಿತ್ತು. ಆದರೂ ಸೀರೆ ಬದಲಿಸಿದೆ, ಚೀಲ ತುಂಬಿದೆ. ಹೋಗುತ್ತೇನೆ, ಆದರೆ ಹಾದಿಯುದ್ದಕ್ಕೂ ಅವನೊಡನೆ ಒಂದು ಮಾತೂ ಆಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿ ಹಿಂದಿನ ಸೀಟಿನಲ್ಲಿ ಕುಳಿತೆ.

ಕುಳಿತು ತಲೆ ಎತ್ತಿದರೆ ಎದುರಿಗೆ ಅವ್ವ.

ಮುಂದಿನ ಗಾಜಿನ ಬುಡದಲ್ಲಿ, ಸ್ಟೇರಿಂಗಿನ ಆಚೆ, ಅದೇ ಫೋಟೋ. ಫ್ರೇಮು ಅಲುಗದಂತೆ ಗಾಜಿನ ಬುಡದುದ್ದಕ್ಕೂ ಟವೆಲ್ ಮಡಚಿ ತುರುಕಿದ್ದ, ಅದರ ಮೇಲೆ ಪ್ಲಾಸ್ಟಿಕ್ ಚೆಂಡು ಹೂವಿನ ಮಾಲೆ ಹರಡಿದ್ದ. ನನ್ನ ಮೈ ಉರಿದು ಹೋಯಿತು. ಜಗಲಿ ಬಿಟ್ಟು ಎಲ್ಲೂ ಹೋಗುವುದಿಲ್ಲ ಎಂದವನು ಈಗ ಅವ್ವನನ್ನು ಕಾರಿನ ಶೋಕಿಗೆ ತಿರುಗಿಸುತ್ತಿದ್ದಾನೆ. ನನ್ನ ಮನೆಗೆ ಬರಲು ಮಾತ್ರ ಅವಳಿಗೆ ಹಾದಿ ಇರಲಿಲ್ಲ. ಕೇಳಬೇಕೆಂದು ನಾಲಿಗೆ ತುದಿಗೆ ಬಂತು, ಆಣೆ ನೆನಪಾಗಿ ನುಂಗಿಕೊಂಡೆ.

ಬೈಲಹೊಂಗಲ ದಾಟುವಷ್ಟರಲ್ಲಿ ನಾನು ಸೆರಗನ್ನು ಎರಡು ಸುತ್ತು ಹೊದ್ದಿದ್ದೆ. ಶ್ರಾವಣದ ಮಳೆಯಲ್ಲಿ ಯಾರಾದರೂ ಎಸಿ ಹಚ್ಚುತ್ತಾರೆಯೇ? ನನ್ನ ತಮ್ಮ ಹಚ್ಚಿದ್ದ, ಅದೂ ಪೂರಾ ಜೋರಿನಲ್ಲಿ. ಅದರ ಮೇಲೆ ಟೇಪು. ಅವ್ವನಿಗೆ ಇಷ್ಟವಾದ ಭಜನೆಯ ಪದಗಳೇ, ಆದರೆ ನನ್ನ ಎರಡೂ ಕಿವಿಯ ಪಕ್ಕದ ಸ್ಪೀಕರುಗಳಿಂದ ದಮ್ಮಡಿ ತಲೆಯೊಳಗೇ ಬಡಿಯುತ್ತಿತ್ತು. ನನ್ನ ಬಾಯಿ ಕೇಳಿಸಬಾರದೆಂದೇ ಹೀಗೆ ಮಾಡಿದ್ದಾನೆ ಎಂದುಕೊಂಡೆ. ನನಗೆ ಬೇಕಾದದ್ದು ಬೇರೆ. ಕಿಟಕಿ ಇಳಿಸಬೇಕು, ಹಸಿ ಎರೆಮಣ್ಣಿನ ವಾಸನೆ ಬರಬೇಕು, ನವಿಲುತೀರ್ಥದ ಹತ್ತಿರ ನೀರಿನ ಮೇಲಿಂದ ಗಾಳಿ ಬಂದು ಮುಖಕ್ಕೆ ಬಡಿಯಬೇಕು. ಅಪ್ಪ ಇದ್ದಾಗ ಚಕ್ಕಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ, ಆ ಗಾಳಿ ತಾಗಿದ ಕೂಡಲೇ ನನಗೆ ತವರು ಬಂತೆಂದು ಗೊತ್ತಾಗುತ್ತಿತ್ತು. ಇವನು ಗಾಜು ಏರಿಸಿ ರೊಕ್ಕದ ಗಾಳಿ ಬಿಟ್ಟಿದ್ದ.

"ಥಂಡಿ ಆತೇನಕ್ಕ?" ಕನ್ನಡಿಯಲ್ಲಿ ನೋಡುತ್ತ ಕೇಳಿದ.

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಹಲ್ಲು ಕಟಕಟ ಅಂದದ್ದು ಅವನಿಗೂ ಕೇಳಿಸಿರಬೇಕು. ಎಸಿ ಬಂದ್ ಮಾಡಿದ.

ಸವದತ್ತಿ ದಾಟಿದ ಮೇಲೆ ಮಳೆ ಬಲಿಯಿತು. ಹೊರಗೆ ಮಳೆ, ಒಳಗೆ ಗಾಜು ಏರಿಸಿಕೊಂಡು ಮುಖ ಬಿಗಿದು ಕುಳಿತ ಇಬ್ಬರ ಉಸಿರು. ಎದುರಿನ ಗಾಜು ಮಜ್ಜಿಗೆ ಬಳಿದ ಹಾಗಾಯಿತು. ನಿಂಗರಾಜ ಒಂದು ಕೈಯಲ್ಲಿ ಒರೆಸುತ್ತಾನೆ, ಒರೆಸಿದ್ದು ಕ್ಷಣದಲ್ಲಿ ಮತ್ತೆ ಮಬ್ಬಾಗುತ್ತದೆ. ಅವ್ವನ ಮುಖದ ಹಿಂದೆ ಹಾದಿಯೇ ಇಲ್ಲ. ಇದ್ದಕ್ಕಿದ್ದಂತೆ ಅವನು ಬ್ರೇಕ್ ತುಳಿದ. ನಾನು ಮುಂದಿನ ಸೀಟಿಗೆ ಬಡಿದುಕೊಂಡೆ. ಕಾರಿನ ಮೂತಿಯ ಮುಂದೆ, ಕೈಗೆಟಕುವಷ್ಟು ಹತ್ತಿರ, ಕುರಿಗಳ ಹಿಂಡು ಮೆಲ್ಲಗೆ ಹಾದಿ ದಾಟುತ್ತಿತ್ತು.

"ಕಣ್ಣ ಎಲ್ಲಿಟ್ಟಿ?" ಎಂದುಬಿಟ್ಟೆ. ಆಣೆ ಅಲ್ಲಿಗೆ ಮುರಿಯಿತು.

"ಕಾಣಾಕ ಹತ್ತಿಲ್ಲಕ್ಕ," ಎಂದ. "ಮುಂದ ಬಂದ ಕುಂದ್ರು. ನೀ ಗ್ಲಾಸ ಒರಸು, ನಾ ಹೊಡೀತೇನಿ."

ಮುಂದಿನ ಸೀಟು ಗಂಡಸರದು. ನಾನು ಯಾವ ಕಾರಿನಲ್ಲೂ ಅಲ್ಲಿ ಕುಳಿತವಳಲ್ಲ. ಸೆರಗು ಸಿಕ್ಕಿಸಿ ಹೋಗಿ ಕುಳಿತೆ. ಕುಳಿತ ಕೂಡಲೇ ಕಿವಿ ಹಗುರಾಯಿತು. ಹಾಡು ಹಿಂದೆಲ್ಲೋ ದೂರದಲ್ಲಿ ಕೇಳುತ್ತಿತ್ತು.

"ಇಲ್ಲೆ ಸೌಂಡ್ ಇಲ್ಲಲ್ಲೋ?"

"ಎಲ್ಲಾ ಹಿಂದಕ್ಕ ಹಾಕೇನಿ. ಅವ್ವನ ಪದಾ ನಿನಗ ಚಲೋ ಕೇಳ್ಲಿ ಅಂತ."

ನಾನು ಸೆರಗಿನಿಂದ ಗಾಜು ಒರೆಸತೊಡಗಿದೆ. ಹಾದಿಯುದ್ದಕ್ಕೂ ಅವನನ್ನು ಬೈದುಕೊಂಡ ನನ್ನ ಬಾಯಿಗೆ ಒಂದು ಹಿಡಿ ಮಣ್ಣು ಹಾಕಬೇಕು ಅನಿಸಿತು. ಒರೆಸಿ ಒರೆಸಿ ಸೆರಗಿನ ಅಂಚು ತೊಯ್ದು ಹೋಯಿತು, ಗಾಜು ಮಾತ್ರ ತಿಳಿಯಾಗಲಿಲ್ಲ. ಆಗ ಟೇಪಿನ ಕೆಳಗಿನ ಗುಂಡಿಗಳ ಕಡೆ ಕಣ್ಣು ಹೋಯಿತು. ಒಂದಕ್ಕೆ ನೀಲಿ ಗೆರೆ, ಕೆಂಪು ಗೆರೆ. ಇನ್ನೊಂದರ ಸುತ್ತ ಸಣ್ಣ ಸಣ್ಣ ಚಿತ್ರ. ಕುಳಿತ ಮನುಷ್ಯನ ಮುಖಕ್ಕೆ ಬಾಣ, ಕಾಲಿಗೆ ಬಾಣ. ಕೊನೆಯ ಚಿತ್ರದಲ್ಲಿ ಮನುಷ್ಯನೇ ಇಲ್ಲ, ಬೀಸಣಿಗೆಯಂಥ ಒಂದು ಆಕಾರ, ಅದರೊಳಗೆ ಮೇಲೇರುವ ಸೊಟ್ಟ ಬಾಣಗಳು.

"ಇದೇನ?"

"ಗೊತ್ತಿಲ್ಲ. ಅದನ್ನ ಮುಟ್ಟಬ್ಯಾಡ. ಎಸಿ ಬ್ಯಾಸಗಿಗೆ ಅಷ್ಟ."

"ಮತ್ತ ಇಷ್ಟೊತ್ತು ಮಳ್ಯಾಗ ನನ್ನ ಯಾಕ ಥಂಡಿ ಹೊಡಸ್ದಿ?"

"ಅಕ್ಕ ಮದಲ ಸಲ ಗಾಡ್ಯಾಗ ಕುಂತಾಳು, ಎಸಿ ಹಚ್ಚಲಿಲ್ಲ ಅನಿಸ್ಕೋಬಾರದಲ್ಲ."

ನನಗೆ ನಗು ಬಂತು, ತಡೆದುಕೊಂಡೆ. ಅವನು ಬೇಡವೆಂದದ್ದಕ್ಕೇ ಆ ಗುಂಡಿಯನ್ನು ಬೀಸಣಿಗೆಯ ಚಿತ್ರಕ್ಕೆ ತಿರುಗಿಸಿದೆ, ಮತ್ತೆ ಥಂಡಿ ಬೇಡವೆಂದು ಇನ್ನೊಂದನ್ನು ಕೆಂಪು ಗೆರೆಯ ಕಡೆ ಹೊರಳಿಸಿ ಎಸಿ ಒತ್ತಿದೆ. ಎಲ್ಲೋ ಒಳಗೆ ಗಾಳಿ ಭರ್ರೆಂದಿತು. ಮುಖಕ್ಕೆ ಬರಲಿಲ್ಲ, ಕಾಲಿಗೂ ಬರಲಿಲ್ಲ. ಎದುರಿಗೆ ಪ್ಲಾಸ್ಟಿಕ್ ಹೂವಿನ ಮಾಲೆ ಮೆಲ್ಲಗೆ ಎದ್ದಿತು. ಟವೆಲ್ಲಿನ ಅಂಚು ಪಟಪಟ ಬಡಿಯಿತು. ಅವ್ವನ ಫೋಟೋ ನಡುಗಿತು.

ನಿಂಗರಾಜ ಕಾರನ್ನು ಹಾದಿಯ ಬದಿಗೆ ತಂದು ನಿಲ್ಲಿಸಿದ. ಇಬ್ಬರೂ ಅವ್ವನನ್ನೇ ನೋಡುತ್ತ ಕುಳಿತೆವು. ಗಾಜಿಗೆ ಹೋಗಬೇಕಾದ ಗಾಳಿಯ ಕಂಡಿ ಅಲ್ಲೇ ಇತ್ತು. ಅದರ ಮೇಲೆಯೇ ಟವೆಲ್ ತುರುಕಿ ಅವ್ವನನ್ನು ಕೂಡಿಸಿದ್ದ.

"ತಗೀಬೇಕಾಗತೈತಿ," ಎಂದೆ.

ಅವನು ಕೈ ಮುಂದೆ ಮಾಡಲಿಲ್ಲ. "ಜಗಲಿ ಮ್ಯಾಲಿಂದ ತಂದದ್ದು ಇವತ್ತ ಮುಂಜಾನಿ," ಎಂದ, ಸ್ಟೇರಿಂಗು ನೋಡುತ್ತ. "ನಾ ಒಬ್ಬನಾ ಬಂದ್ರ ನೀ ಬರ್ತಿದ್ದಿಲ್ಲ. ಅದಕ್ಕ ಅವ್ವನ್ನ ಕರಕೊಂಡ ಬಂದೆ."

ನಾನು ಹಿಂದಿನ ಸೀಟಿನಲ್ಲಿ ಕುಳಿತು ಶೋಕಿ ಎಂದು ಬೈದದ್ದು ಇದನ್ನು. ಬಿಕ್ಕಿ ಅಳಬೇಕು ಅನಿಸಿತು, ಅತ್ತೆ. ಅವನೂ ಅತ್ತ. ದಿನಕರ್ಮದ ದಿನ ಕೂಡಿ ಅಳಬೇಕಾದ ಅಳು ಅದು, ಅಂದು ಜಗಳ ಆಡಿದ್ದರಿಂದ ಉಳಿದುಬಿಟ್ಟಿತ್ತು. ನಮ್ಮ ಅಳುವಿಗೆ ಗಾಜು ಇನ್ನಷ್ಟು ಮಬ್ಬಾಯಿತು.

ಆಮೇಲೆ ನಾನೇ ಎರಡೂ ಕೈಯಿಂದ ಫೋಟೋ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಅವನು ಟವೆಲ್ ಎಳೆದ. ಬೆಚ್ಚನೆಯ ಗಾಳಿ ಗಾಜಿಗೆ ಬಡಿಯಿತು. ಬುಡದಿಂದ ಒಂದು ಗೇಣಿನಷ್ಟು ಗಾಜು ತಿಳಿಯಾಯಿತು, ನಿಧಾನಕ್ಕೆ ಮೇಲೇರಿತು. ಮೊದಲು ಹಾದಿ ಕಂಡಿತು, ಆಮೇಲೆ ಗೋವಿನಜೋಳದ ಹೊಲ, ಕೊನೆಗೆ ನವಿಲುತೀರ್ಥದ ಆ ಬೂದು ನೀರು. ಕಿಟಕಿ ಇಳಿಸು ಎಂದು ಹೇಳುವ ಮೊದಲೇ ಅವನು ನನ್ನ ಕಡೆಯ ಗಾಜು ಇಳಿಸಲು ಬಗ್ಗಿದ. ನೀರಿನ ಮೇಲಿನ ಗಾಳಿ ಹನಿಯೊಡನೆ ಬಂದು ಮುಖಕ್ಕೆ ಬಡಿಯಿತು. ಅವ್ವ ತೋಯಬಾರದೆಂದು ಫೋಟೋಕ್ಕೆ ಸೆರಗು ಹೊದಿಸಿದೆ. ಸಣ್ಣವಳಿದ್ದಾಗ ಚಕ್ಕಡಿಯಲ್ಲಿ ನನ್ನ ತಲೆಯ ಮೇಲೆ ಅವಳು ಹೀಗೇ ಸೆರಗು ಹೊದಿಸುತ್ತಿದ್ದಳು. ಅವ್ವ ಇರಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ, ಅವ್ವ ಇರಬೇಕಿತ್ತು.

ಮನೋಳಿ ಮುಟ್ಟಿದಾಗ ಮಳೆ ನಿಂತಿತ್ತು. ಹಿತ್ತಲ ಬೇವಿನ ಮರಕ್ಕೆ ಹೊಸ ಹಗ್ಗದ ಜೋಕಾಲಿ ಕಟ್ಟಿದ್ದರು. ತಮ್ಮನ ಹೆಂಡತಿ ಶೀತಲ ತಂಬಿಗೆಯಲ್ಲಿ ಬಿಸಿನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಬರ್ರಿ ಅಕ್ಕಾರ, ಕಾಲ ತೊಳ್ಕೊಳ್ರಿ," ಎಂದಳು. ಅವ್ವ ನಿಲ್ಲುತ್ತಿದ್ದ ಜಾಗ ಅದು. ಶೀತಲ ಏನು ಮಾಡಿಯಾಳು, ಯಾರಾದರೂ ಅಲ್ಲಿ ನಿಲ್ಲಲೇಬೇಕಲ್ಲ. ಕಾಲು ತೊಳೆದುಕೊಂಡೆ.

ಒಳಗೆ ಜಗಲಿಯ ಮುಂದೆ ಬಂದಾಗ ನಿಂಗರಾಜ ಹಿಂದಿನಿಂದ ಹೇಳಿದ. "ಫೋಟೋ ನೀನಾ ಇಟ್ಕೊ ಅಕ್ಕ. ಗಾಡ್ಯಾಗ ಇನ್ನ ಇಡಾಕ ಬರೂದಿಲ್ಲ, ಗಾಳಿಗೆ ಅಡ್ಡ ಆಗತೈತಿ."

"ಜಗಲಿ ಮ್ಯಾಲ ಇಡು ಮತ್ತ."

"ಜಗಲಿಗೆ ನಕಲ ತಗಸತೇನಿ."

ಅವನ ಮುಖ ನೋಡಿದೆ. ಎರಡು ವರ್ಷ ನಾನು ಬಯಸಿದ ಮಾತು ಅದು. ರಾತ್ರಿ ಕಣ್ಣು ಮುಚ್ಚಿದರೆ ಇದನ್ನೇ ಕೇಳುತ್ತಿದ್ದೆ. ಈಗ ಕೈಯಲ್ಲಿ ಅವ್ವ ಇದ್ದಳು, ಕೊಡುವವನು ಕೊಟ್ಟಾಗಿತ್ತು, ಚೀಲದಲ್ಲಿ ಜಾಗವೂ ಇತ್ತು. ಸಂಪಗಾಂವದ ನನ್ನ ಮನೆಯ ಗೋಡೆ, ಮೊಳೆ ಹೊಡೆಯಬೇಕೆಂದುಕೊಂಡಿದ್ದ ಜಾಗ, ಎಲ್ಲ ಕಣ್ಣಿಗೆ ಕಟ್ಟಿತು.

ಜಗಲಿಯ ಮೇಲೆ ಅವ್ವನ ಫೋಟೋ ಇದ್ದ ಕಡೆ ಫ್ರೇಮಿನ ಅಳತೆಯಷ್ಟು ಜಾಗ ಖಾಲಿ ಇತ್ತು. ಸೆರಗಿನಿಂದ ಗಾಜು ಒರೆಸಿ ಅಲ್ಲೇ ಇಟ್ಟೆ.

"ಅಕ್ಕ?" ಎಂದ.

"ಅವ್ವ ನನ್ನ ಮನಿಗೆ ಬಂದ್ಬಿಟ್ರ ನಾ ಇಲ್ಲಿಗೆ ಏನ ನೋಡಾಕ ಬರ್ಲಿ? ಇಲ್ಲೇ ಇರ್ಲಿ. ಪ್ರತಿ ವರ್ಷಾ ಬಂದು ನನ್ನ ಕರಕೊಂಡ ಬಾ."

ಅವನು ಮೂಗು ಒರೆಸಿಕೊಂಡ. "ಗಾಡಿ ತರ್ಲೇನು, ಬಸ್ಸಿನ್ಯಾಗ ಬರ್ಲೇನು?"

"ಗಾಡೀನ ತಗೊಂಡ ಬಾ," ಎಂದೆ. "ನಾ ಮುಂದ ಕುಂದ್ರತೇನಿ."