ಫೆಮ್ಕೆಯ ಕೈಬರಹ

"ಅಮ್ಮಾವ್ರೇ, ನಿಮ್ಮ ಮಗಳು ತೀರಿಕೊಂಡು ಎಷ್ಟು ವರ್ಷ ಆಯ್ತು?"

ಈಚೆಗೆ ತೀರಿಕೊಂಡ ಡಾಕ್ಟರ ಪುಸ್ತಕಗಳನ್ನು ಹರಾಜಿಗೆ ಪಟ್ಟಿ ಮಾಡಿದ್ದ ವೌಟರ್ ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದ. ಬಗಲಲ್ಲಿ ದಪ್ಪನೆಯ ಲ್ಯಾಟಿನ್ ವೈದ್ಯಗ್ರಂಥವಿತ್ತು. ಡಾಕ್ಟರ ವಿಧವೆ ಹಿಲ್ಲೆಗೊಂಡ್ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹನ್ನೊಂದು. ಯಾಕೆ?"

"ಇದರ ಅಂಚಲ್ಲಿ ಲ್ಯಾಟಿನ್‌ನಲ್ಲೇ ಬರೆದ ಇಬ್ಬರ ಕೈಬರಹ ಇದೆ. ಡಾಕ್ಟರು ಪ್ರಶ್ನೆ ಕೇಳ್ತಾರೆ. ಯಾವುದೋ ಮಗು ಉತ್ತರ ಬರೆಯುತ್ತೆ. ಕೆಳಗೆ ಫೆಮ್ಕೆ ಅಂತ ಸಹಿ." ಅವನು ತಡವರಿಸಿದ. "ಕೊನೇ ಉತ್ತರದ ತಾರೀಖು ಈ ವರ್ಷ ಮಾರ್ಚಿಂದು."

ಅವಳು ಕೈ ಒರೆಸಿಕೊಂಡು ಬಂದಳು. ಅಕ್ಷರಗಳ ಬಾಲಗಳು ಸುರುಳಿ ಸುತ್ತಿದ್ದವು. ಫೆಮ್ಕೆ ಹಾಗೇ ಸುತ್ತುತ್ತಿದ್ದಳು. ಮತ್ತೆ ನೋಡಿದಾಗ ಆ ಸುರುಳಿಗಳಲ್ಲಿ ಮುದಿ ಗಂಡನ ಕೈನಡುಕ ಕಂಡಿತು.

ಗಂಡ ಯೂಸ್ಟ್ ಬದುಕಿದ್ದಾಗ, ಓದುವ ಕೋಣೆಯ ಮುಚ್ಚಿದ ಬಾಗಿಲಾಚೆ ಅವನು ತಗ್ಗಿದ ದನಿಯಲ್ಲಿ ಮಾತಾಡುವುದು ಅವಳಿಗೆ ಕೇಳುತ್ತಿತ್ತು. ಲ್ಯಾಟಿನ್ ಓದಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದಳು. ಜ್ವರ ಬಂದ ಮಗುವಿನ ತೋಳಿಂದ ಚಿಕಿತ್ಸೆಯೆಂದು ಮೂರು ಸಲ ರಕ್ತ ತೆಗೆದವನು ಅವನೇ. "ಕೊಂದವನು ನೀನು," ಎಂದು ಅವಳು ಅಂದಿದ್ದಳು. ಆಮೇಲೆ ಇಬ್ಬರ ನಡುವೆ ರೊಟ್ಟಿ, ಸೌದೆಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

"ಇದನ್ನ ತೆಗೆದುಬಿಡಿ, ಮಾರಲ್ಲ."

"ಪಟ್ಟಿ ಅಚ್ಚಾಗಿ ಉಟ್ರೆಕ್ಟ್‌ವರೆಗೂ ಹೋಗಿದೆ ಅಮ್ಮಾ. ಬೇಕಂದ್ರೆ ನಾಳೆ ನೀವೇ ಕೂಗಿ ಕೊಳ್ಳಬೇಕು."

ಮರುದಿನ ಬೆಳಿಗ್ಗೆ ಲೈಡನ್ನಿನ ಹರಾಜುಕೋಣೆಯ ತುಂಬ ಗಂಡಸರು. ಅವಳು ಬೆಂಚಿನ ತುದಿಯಲ್ಲಿ ಕೂತಳು. ಆ ಗ್ರಂಥ ಮೇಜಿನ ಮೇಲೆ ಬಂದದ್ದೇ ಉಟ್ರೆಕ್ಟ್‌ನ ವ್ಯಾಪಾರಿ ಬೆಲೆ ಕೂಗಿದ. ಅವಳು ಏರಿಸಿದಳು. ಅವನು ಮತ್ತೆ ಏರಿಸಿದ.

"ತನ್ನ ಮನೆ ಪುಸ್ತಕ ತಾನೇ ಕೊಳ್ಳೋಕೆ ಬಂದಿದ್ದಾಳಲ್ಲಪ್ಪಾ!" ಹಿಂದಿನಿಂದ ಯಾರೋ ಅಂದರು. "ಗಂಡನ್ನೂ ಹರಾಜಿಗಿಟ್ಟಿದ್ರೆ ಕೊಳ್ತಿದ್ದಳೋ ಏನೋ!"

ನಗೆ ಎದ್ದಿತು. ಅವಳು ತಿರುಗಿ ನೋಡಲಿಲ್ಲ. ಮತ್ತೆ ಕೂಗಿದಳು, ಮತ್ತೆ. ವ್ಯಾಪಾರಿ ಅವಳ ಮುಖವನ್ನೊಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು ಸುಮ್ಮನಾದ. ಹರಾಜಿನ ಸುತ್ತಿಗೆ ಅವಳ ಬೆಲೆಗೆ ಬಿತ್ತು.

ಪಕ್ಕದ ಕೋಣೆಯಲ್ಲಿ ಅವಳು ಗ್ರಂಥವನ್ನು ವೌಟರ್‌ನ ಮುಂದಿಟ್ಟಳು. "ಕೊನೇದು ಓದಿ."

"ಕೊನೇ ಪ್ರಶ್ನೆಗೆ ಉತ್ತರ ಬರೆದಿಲ್ಲ ಅಮ್ಮಾ."

"ಪ್ರಶ್ನೆ ಏನು?"

ವೌಟರ್ ಪುಟದಿಂದ ತಲೆಯೆತ್ತಲಿಲ್ಲ. "'ಫೆಮ್ಕೆ, ಅಮ್ಮನಿಗೆ ಇನ್ನೂ ನನ್ನ ಮೇಲೆ ಕೋಪಾನಾ?'"

ಕೆಳಗೆ ಎರಡು ಬೆರಳಗಲ ಜಾಗ ಖಾಲಿ ಇತ್ತು. ಹಿಲ್ಲೆಗೊಂಡ್ ಮೇಜಿನ ಮೇಲಿದ್ದ ಲೇಖನಿಯನ್ನು ಎಳೆದುಕೊಂಡಳು.

"ಲ್ಯಾಟಿನ್‌ನಲ್ಲಿ 'ಇಲ್ಲ' ಅಂತ ಹೇಗೆ ಬರೀತಾರೆ?"

"ಬರೀ 'ಇಲ್ಲ' ಅನ್ನೋಕೆ ಆ ಭಾಷೇಲಿ ಪದ ಇಲ್ಲಮ್ಮ. ಪೂರ್ತಿ ಹೇಳಬೇಕು, 'ಕೋಪ ಇಲ್ಲ' ಅಂತ."

ಅವನು ಒಂದು ಚೀಟಿಯಲ್ಲಿ ಆ ಮಾತು ಬರೆದು ಅವಳ ಮುಂದೆ ಸರಿಸಿದ. ಆಚೆ ಕೋಣೆಯಲ್ಲಿ ಮುಂದಿನ ಪುಸ್ತಕದ ಕೂಗು ಶುರುವಾಗಿತ್ತು. ಅವಳು ಲೇಖನಿಯನ್ನು ಖಾಲಿ ಜಾಗದ ಮೇಲೆ ಹಿಡಿದಳು. ಹಿಡಿದೇ ಇದ್ದಳು. ಮೊನೆಯಲ್ಲಿ ಶಾಯಿ ಒಣಗಿತು. ಅವಳು ಮತ್ತೆ ಅದ್ದಿದಳು.